ಓದುಗರ ಕಟ್ಟೆ: ಪ್ರಶ್ನೆ ತಾನೇ ಬದಲಾಗುವ ಪರೀಕ್ಷೆ

ಹೋದ ತಿಂಗಳು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ ಕೊನೆಗೆ ಒಂದು ಮಾತು ಸೇರಿಸಿದ್ದೆ: ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆಗಳೆಲ್ಲ ಒಂದೇ ಥರ ಅಲ್ಲ, ಕೆಲವು ನಿಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುತ್ತವೆ ಅಂತ. ಇಂಗ್ಲಿಷಿನಲ್ಲಿ ಇದಕ್ಕೆ ಕಂಪ್ಯೂಟರೈಸ್ಡ್ ಅಡಾಪ್ಟಿವ್ ಟೆಸ್ಟ್, ಚಿಕ್ಕದಾಗಿ ಕ್ಯಾಟ್ ಅನ್ನುತ್ತಾರೆ. ಅಷ್ಟಕ್ಕೇ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಕಾಗದ ಬಂದಿವೆ. ಹಾಗಾಗಿ ಈ ಸಲ ಅದೊಂದೇ ವಿಷಯ. ಅಲ್ಲಲ್ಲಿ ಲೆಕ್ಕ ಬರುತ್ತದೆ, ಹೆದರಬೇಡಿ. ಗುಣಿಸೋದು, ಭಾಗಿಸೋದು, ವರ್ಗಮೂಲ ಗೊತ್ತಿದ್ದರೆ ಸಾಕು.

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಮೆರಿಕದಲ್ಲಿ ನರ್ಸ್ ಆಗಲು ಪರವಾನಗಿ ಕೊಡುವ ಎನ್‌ಕ್ಲೆಕ್ಸ್ ಪರೀಕ್ಷೆಗೆ ಓದುತ್ತಿದ್ದೇನೆ. ಹೈದರಾಬಾದಿಗೆ ಹೋಗಿ ಬರೆದ ಒಬ್ಬ ಅಕ್ಕನಿಗೆ 85 ಪ್ರಶ್ನೆಗೇ ಪರೀಕ್ಷೆ ನಿಂತಿತು, ಪಾಸು. ಇನ್ನೊಬ್ಬರಿಗೆ 150ರ ತನಕ ಹೋಯಿತು, ಅವರೂ ಪಾಸು. ಮತ್ತೊಬ್ಬರಿಗೆ 85ಕ್ಕೇ ನಿಂತು ಫೇಲ್. ಇದೇನು ಲಾಟರಿನಾ? ಅಲ್ಲದೆ ಮಾಕ್ ಟೆಸ್ಟಿನಲ್ಲಿ ಎಷ್ಟು ಓದಿದರೂ ನನ್ನದು ಅರ್ಧದಷ್ಟು ತಪ್ಪಾಗುತ್ತದೆ. ಅಳು ಬರುತ್ತದೆ.
— ನರ್ಸಿಂಗ್ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಮೊದಲು ಕಣ್ಣು ಒರೆಸಿಕೊಳ್ಳವ್ವ. ನಿನ್ನ ಮಾಕ್ ಟೆಸ್ಟ್ ನಿಜವಾಗಿಯೂ ಅಡಾಪ್ಟಿವ್ ಆಗಿದ್ದರೆ ಅರ್ಧ ತಪ್ಪಾಗಲೇಬೇಕು. ಅದನ್ನು ಕಟ್ಟಿರುವುದೇ ಹಾಗೆ.

ನಮ್ಮ ಗಂಜ್‌ನಲ್ಲಿ ಈಗ ಎಲ್ಲ ಎಲೆಕ್ಟ್ರಾನಿಕ್ ಕಾಟಾ. ನಾನು ಸಣ್ಣವನಿದ್ದಾಗ ಎರಡು ತಟ್ಟೆಯ ತಕ್ಕಡಿ ಇರುತ್ತಿತ್ತು. ಒಂದು ತಟ್ಟೆಯಲ್ಲಿ ತೊಗರಿ ಗಂಟು, ಇನ್ನೊಂದರಲ್ಲಿ ಕಲ್ಲು. ಹತ್ತು ಕಿಲೋ ಕಲ್ಲು ಇಟ್ಟರೆ ಕಲ್ಲಿನ ಕಡೆ ದಬಕ್ಕನೆ ಬಿತ್ತು. ಅದನ್ನು ತೆಗೆದು ಐದು ಇಟ್ಟರೆ ತೊಗರಿ ಕಡೆ ಇಳಿಯಿತು. ಮೇಲೊಂದು ಎರಡು ಕಿಲೋ, ಆಮೇಲೆ ಅರ್ಧ, ಆಮೇಲೆ ಪಾವು ಕಿಲೋ. ತೂಗುವವನು ಕಲ್ಲನ್ನು ಸುಮ್ನೆ ಸಾಲಾಗಿ ಇಡುವುದಿಲ್ಲ, ಹಿಂದಿನ ಸಲ ತಟ್ಟೆ ಯಾವ ಕಡೆ ವಾಲಿತು ಅಂತ ನೋಡಿ ಇಡುತ್ತಾನೆ. ಆರು ಕಿಲೋ ಗಂಟಿಗೆ ಐವತ್ತು ಕಿಲೋ ಕಲ್ಲು ಇಟ್ಟರೆ ಏನು ಗೊತ್ತಾಯಿತು? ಏನೂ ಇಲ್ಲ. ನೂರು ಗ್ರಾಂ ಇಟ್ಟರೂ ಅಷ್ಟೇ.

ಪ್ರಶ್ನೆಗಳೂ ಈ ಕಲ್ಲಿನ ಹಾಗೆ. ನಿನಗೆ ನೂರಕ್ಕೆ 99 ಸಲ ಸರಿ ಬರುವ ಪ್ರಶ್ನೆ ಕೇಳಿದರೆ ಪರೀಕ್ಷೆಗೆ ಹೊಸದೇನೂ ತಿಳಿಯುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಅಳತೆ ಇದೆ. ಸರಳವಾದ ಮಾದರಿಯಲ್ಲಿ ಒಂದು ಪ್ರಶ್ನೆ ಕೊಡುವ ಮಾಹಿತಿ ಎಂದರೆ ಸರಿಯಾಗುವ ಸಾಧ್ಯತೆಯನ್ನು ತಪ್ಪಾಗುವ ಸಾಧ್ಯತೆಯಿಂದ ಗುಣಿಸಿದ್ದು. ಅರ್ಧಕ್ಕರ್ಧ ಆದರೆ 0.5 × 0.5, ಅಂದರೆ 0.25. ಇದೇ ಗರಿಷ್ಠ. 99ಕ್ಕೆ 1 ಆದರೆ ಬರೀ 0.0099. ಅಂಥ ಸಲೀಸು ಪ್ರಶ್ನೆ 25 ಕೇಳಿದರೆ ಒಂದು ಹೊಯ್ದಾಟದ ಪ್ರಶ್ನೆಗೆ ಸಮ. ಹಾಗಾಗಿ ಕಂಪ್ಯೂಟರ್ ಹುಡುಕಿ ಹುಡುಕಿ ನಿನಗೆ ಸರಿಯೋ ತಪ್ಪೋ ಅನ್ನುವ ಪ್ರಶ್ನೆಯನ್ನೇ ಕೊಡುತ್ತದೆ. ತರಗತಿಯಲ್ಲಿ 80, 90 ತೆಗೆದು ರೂಢಿಯಾದವರಿಗೆ ಇದು ಹಿಂಸೆ. ಪರೀಕ್ಷೆ ಬರೆದು ಹೊರಗೆ ಬಂದವರು ಹೆಚ್ಚುಕಮ್ಮಿ ಎಲ್ಲರೂ "ಕೆಟ್ಟದಾಗಿ ಹೋಯಿತು" ಅನ್ನುವುದು ಅದಕ್ಕೇ.

ಈಗ 85, 150ರ ಕಥೆ. ಎನ್‌ಕ್ಲೆಕ್ಸ್ 1994ರಿಂದ ಈ ಪದ್ಧತಿಯಲ್ಲಿದೆ. 2023ರ ಏಪ್ರಿಲ್‌ನಿಂದ ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಸಮಯ ಐದು ಗಂಟೆ. ಇದರಲ್ಲಿ 15 ಪ್ರಶ್ನೆ ಲೆಕ್ಕಕ್ಕಿಲ್ಲ, ಅವು ಮುಂದಿನ ವರ್ಷಗಳಿಗಾಗಿ ಪರೀಕ್ಷೆಗೆ ಇಟ್ಟ ಹೊಸ ಪ್ರಶ್ನೆಗಳು. ಯಾವ 15 ಅಂತ ನಿನಗೆ ಗೊತ್ತಾಗುವುದಿಲ್ಲ. ಅಂದರೆ ಲೆಕ್ಕಕ್ಕೆ ಬರುವುದು 70ರಿಂದ 135.

ಆ ಪರೀಕ್ಷೆ ಕೇಳುವುದು ಒಂದೇ ಮಾತು: ಇವಳು ಪಾಸಿನ ಗೆರೆಯ ಮೇಲಿದ್ದಾಳೋ ಕೆಳಗಿದ್ದಾಳೋ? ನಿನಗೆ ಎಷ್ಟು ಅಂಕ ಅನ್ನುವುದು ಅದಕ್ಕೆ ಬೇಕಿಲ್ಲ. 95 ಪಾಲು ಖಾತ್ರಿಯಾದ ಕೂಡಲೇ ನಿಲ್ಲಿಸಿಬಿಡುತ್ತದೆ. ಗೆರೆಗಿಂತ ತುಂಬಾ ಮೇಲಿದ್ದವರಿಗೂ 85ಕ್ಕೆ ನಿಲ್ಲುತ್ತದೆ, ತುಂಬಾ ಕೆಳಗಿದ್ದವರಿಗೂ 85ಕ್ಕೇ ನಿಲ್ಲುತ್ತದೆ. ಗೆರೆಯ ಅಕ್ಕಪಕ್ಕ ಇದ್ದವರನ್ನು ಮಾತ್ರ ಎಳೆದಾಡುತ್ತದೆ. 150 ತಲುಪಿದರೂ ಖಾತ್ರಿಯಾಗದಿದ್ದರೆ ಕೊನೆಯ ಅಂದಾಜು ಗೆರೆಯ ಯಾವ ಕಡೆ ಇದೆ ಅಂತ ನೋಡಿ ತೀರ್ಮಾನ.

150ಕ್ಕೆ ಯಾಕೆ ಕೈ ಬಿಡುತ್ತಾರೆ, ಇನ್ನೂ ಕೇಳಬಹುದಲ್ಲ ಅಂತೀಯಾ? ಪ್ರತಿ ಪ್ರಶ್ನೆಯೂ 0.25 ಮಾಹಿತಿ ಕೊಟ್ಟಿತು ಅಂದುಕೋ. 70 ಪ್ರಶ್ನೆಗೆ 17.5 ಆಯಿತು. ಅದರ ವರ್ಗಮೂಲ ತೆಗೆದು 1ನ್ನು ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆ, ಸುಮಾರು 0.24. 135 ಪ್ರಶ್ನೆ ಆದ ಮೇಲೆ 0.17. ಪ್ರಶ್ನೆ ಹೆಚ್ಚುಕಡಿಮೆ ಎರಡು ಪಟ್ಟಾದರೂ ಎರರ್ ಇಳಿದದ್ದು ಮೂರನೇ ಒಂದು ಭಾಗವೂ ಇಲ್ಲ. ಐದು ಗಂಟೆ ಕೂತ ಹುಡುಗಿಯನ್ನು ಇನ್ನೂ ಐದು ಗಂಟೆ ಕೂರಿಸಿ ಸಿಗುವುದು ಅಷ್ಟಕ್ಕಷ್ಟೇ. ಕೇಸ್ ಸ್ಟಡಿ ಪ್ರಶ್ನೆಗಳ ಲೆಕ್ಕ ಸ್ವಲ್ಪ ಬೇರೆ, ಆದರೆ ಹುರುಳು ಇದೇ.

ಇನ್ನೊಂದು. "ಈ ಪ್ರಶ್ನೆ ಸುಲಭ ಬಂತು, ಹಾಗಾದರೆ ಹಿಂದಿನದು ತಪ್ಪಾಗಿರಬೇಕು" ಅಂತ ಮಧ್ಯದಲ್ಲಿ ಲೆಕ್ಕ ಹಾಕಲು ಹೋಗಬೇಡ. ನಿನಗೆ ಸುಲಭ ಅನಿಸಿದ್ದು ಲೆಕ್ಕಕ್ಕಿಲ್ಲದ ಆ 15ರಲ್ಲಿ ಒಂದಿರಬಹುದು. ಅಥವಾ ಆ ಪಾಠ ನೀನು ಚೆನ್ನಾಗಿ ಓದಿರಬಹುದು, ಅಷ್ಟೇ.

ಪ್ರಶ್ನೆ: ನನ್ನ ಮಗಳು, ನನ್ನ ತಮ್ಮನ ಮಗ ಇಬ್ಬರೂ ಅಮೆರಿಕದಲ್ಲಿ ಮುಂದೆ ಓದಲು ಬರೆಯುವ ಜಿಆರ್‌ಇ ತಯಾರಿ ಮಾಡುತ್ತಿದ್ದಾರೆ. ಮಾಕ್ ಟೆಸ್ಟಿನಲ್ಲಿ ಗಣಿತದ 27 ಪ್ರಶ್ನೆಗಳಲ್ಲಿ ಇಬ್ಬರದೂ 18 ಸರಿ. ಅಂಕ ಮಾತ್ರ ಬೇರೆ ಬೇರೆ. ನನ್ನ ಮಗಳಿಗೇ ಕಡಿಮೆ. ಒಂದೇ ಪ್ರಶ್ನೆಪತ್ರಿಕೆ ಕೊಡದೆ ಹೀಗೆ ಮಾಡುವುದು ಯಾವ ನ್ಯಾಯ?
— ಒಬ್ಬ ತಂದೆ, ಭಾಲ್ಕಿ

ಉತ್ತರ: ಅಣ್ಣನವರೇ, ಜಾತ್ರೆಯ ಕುಸ್ತಿ ನೋಡಿದ್ದೀರಲ್ವಾ? ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ. ಕೊನೆಗೆ ಬೆಳ್ಳಿ ಕಡಗದ ಕುಸ್ತಿ. ಒಬ್ಬ ಹುಡುಗ ತೆಂಗಿನಕಾಯಿ ಹುಡುಗರ ಜೊತೆ ಆರು ಆಡಿ ನಾಲ್ಕು ಗೆದ್ದ. ಇನ್ನೊಬ್ಬ ಕಡಗದ ಪೈಲ್ವಾನರ ಜೊತೆ ಆರು ಆಡಿ ನಾಲ್ಕು ಗೆದ್ದ. ಇಬ್ಬರದೂ ನಾಲ್ಕೇ. ಇಬ್ಬರೂ ಸಮ ಅಂತ ಯಾರಾದರೂ ಹೇಳುತ್ತಾರಾ? ಯಾರ ಮೇಲೆ ಗೆದ್ದ ಅನ್ನುವುದೇ ಮುಖ್ಯ.

ಜಿಆರ್‌ಇ 1993ರಲ್ಲಿ ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುವ ಪರೀಕ್ಷೆಯಾಯಿತು. 2011ರಿಂದ ಅದನ್ನು ಬಿಟ್ಟು ಸೆಕ್ಷನ್‌ನಿಂದ ಸೆಕ್ಷನ್‌ಗೆ ಬದಲಾಗುವ ಹಾಗೆ ಮಾಡಿದರು. ಈಗಿನ ಗಣಿತದಲ್ಲಿ ಮೊದಲ ಸೆಕ್ಷನ್ 12 ಪ್ರಶ್ನೆ, ಎರಡನೆಯದು 15. ಮೊದಲನೆಯದರಲ್ಲಿ ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದು ಸುಲಭದ್ದೋ ಕಷ್ಟದ್ದೋ ಅಂತ ನಿರ್ಧಾರ. ಬಹುಶಃ ನಿಮ್ಮ ತಮ್ಮನ ಮಗ ಮೊದಲ 12ರಲ್ಲಿ ಚೆನ್ನಾಗಿ ಮಾಡಿ ಕಷ್ಟದ 15ಕ್ಕೆ ಹೋಗಿ ಅಲ್ಲಿ ಒದ್ದಾಡಿದ್ದಾನೆ, ಮಗಳು ಮೊದಲು ಎಡವಿ ಆಮೇಲೆ ಸುಲಭದ್ದರಲ್ಲಿ ಚೇತರಿಸಿಕೊಂಡಿದ್ದಾಳೆ. ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಕೂಡ ಈಗ ಇದೇ ದಾರಿ ಹಿಡಿದಿದೆ.

ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅಳತೆಗೋಲಿಗೆ ತರುವ ಲೆಕ್ಕವನ್ನು ಡೆನ್ಮಾರ್ಕಿನ ಗಣಿತಜ್ಞ ಗಿಯೋರ್ಗ್ ರಾಶ್ 1960ರಲ್ಲಿ ಪುಸ್ತಕವಾಗಿ ಕೊಟ್ಟರು. ಅದರ ಪ್ರಕಾರ ಹುಡುಗಿಯ ಸಾಮರ್ಥ್ಯ ಮತ್ತು ಪ್ರಶ್ನೆಯ ಕಷ್ಟ ಎರಡನ್ನೂ ಒಂದೇ ಪಟ್ಟಿಯ ಮೇಲೆ ಗುರುತು ಹಾಕಬಹುದು. ಎರಡೂ ಒಂದೇ ಜಾಗದಲ್ಲಿದ್ದರೆ ಸರಿಯಾಗುವ ಸಾಧ್ಯತೆ ನೂರಕ್ಕೆ 50. ಹುಡುಗಿ ಒಂದು ಮೆಟ್ಟಿಲು ಮೇಲಿದ್ದರೆ 73, ಎರಡು ಮೆಟ್ಟಿಲಾದರೆ 88. ಒಂದು ಮೆಟ್ಟಿಲು ಕೆಳಗಿದ್ದರೆ 27, ಎರಡಾದರೆ 12. ಆಮೇಲೆ ಅಮೆರಿಕದ ಅಲನ್ ಬರ್ನ್‌ಬಾಮ್, ಫ್ರೆಡರಿಕ್ ಲಾರ್ಡ್ ಮುಂತಾದವರು ಇನ್ನೆರಡು ಸಂಗತಿ ಸೇರಿಸಿದರು: ಪ್ರಶ್ನೆ ಎಷ್ಟು ಚುರುಕಾಗಿ ಬುದ್ಧಿವಂತರನ್ನು ಬೇರೆಯವರಿಂದ ಬೇರ್ಪಡಿಸುತ್ತದೆ ಅನ್ನುವುದೊಂದು, ಏನೂ ಗೊತ್ತಿಲ್ಲದವನು ಕಣ್ಣುಮುಚ್ಚಿ ಟಿಕ್ ಹಾಕಿ ಸರಿ ಮಾಡಿಬಿಡುವ ಸಾಧ್ಯತೆ ಇನ್ನೊಂದು.

ನ್ಯಾಯದ ಪ್ರಶ್ನೆ ನೀವು ಎತ್ತಿದ್ದು ಸರಿಯೇ, ಆದರೆ ಜಾಗ ಬೇರೆ. ಪ್ರಶ್ನೆ ಬೇರೆ ಬೇರೆ ಇರುವುದು ಅನ್ಯಾಯ ಅಲ್ಲ. ಆ ಪ್ರಶ್ನೆಗಳ ತೂಕವನ್ನು ಮೊದಲೇ ಸರಿಯಾಗಿ ಅಳೆಯದೆ ಇಟ್ಟರೆ ಅದು ಅನ್ಯಾಯ. ಕಲ್ಲಿನ ಮೇಲೆ ಐದು ಕಿಲೋ ಅಂತ ಬರೆದು ಒಳಗೆ ನಾಲ್ಕೂಮುಕ್ಕಾಲು ಇದ್ದರೆ ತಕ್ಕಡಿ ಏನು ಮಾಡುತ್ತದೆ? ಮುಂದಿನ ಉತ್ತರದಲ್ಲಿ ಇದನ್ನೇ ಉದ್ದಕ್ಕೆ ಬರೆದಿದ್ದೇನೆ, ಓದಿ.

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಪ್ರೌಢಶಾಲೆಯ ಗಣಿತ ಶಿಕ್ಷಕ. ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ. ಹತ್ತನೇ ತರಗತಿಗೆ 120 ಪ್ರಶ್ನೆ ಕೂಡಿಸಿ, ಸುಲಭ, ಮಧ್ಯಮ, ಕಠಿಣ ಅಂತ ನಾನೇ ಗುರುತು ಹಾಕಿದ್ದೇನೆ. ಸರಿಯಾದರೆ ಮೇಲಿನದು, ತಪ್ಪಾದರೆ ಕೆಳಗಿನದು ಕೊಡುವ ಪ್ರೋಗ್ರಾಮನ್ನು ಹಳೇ ವಿದ್ಯಾರ್ಥಿಯೊಬ್ಬ ಬರೆದುಕೊಟ್ಟಿದ್ದಾನೆ. ಇಷ್ಟು ಸಾಕಾ? ಎಷ್ಟು ಪ್ರಶ್ನೆ ಕೇಳಿದರೆ ಸರಿ?
— ಗಣಿತ ಶಿಕ್ಷಕ, ಸುರಪುರ ತಾಲ್ಲೂಕು

ಉತ್ತರ: ಸರ್, ಪ್ರೋಗ್ರಾಂ ಬರೆಯುವುದು ಇದರಲ್ಲಿ ಎಲ್ಲಕ್ಕಿಂತ ಸಲೀಸು ಕೆಲಸ. ಹುಡುಗನಿಗೆ ಶಹಬ್ಬಾಸ್ ಹೇಳಿ ಪಕ್ಕಕ್ಕಿಡಿ. ಕಷ್ಟ ಇರುವುದು ನಿಮ್ಮ 120 ಪ್ರಶ್ನೆಯಲ್ಲಿ.

ಸುಲಭ, ಕಠಿಣ ಅಂತ ನಾವು ಮೇಷ್ಟ್ರುಗಳು ಹಾಕುವ ಗುರುತು ಬಹಳ ಸಲ ಸುಳ್ಳು. ನಾನು ಸುಲಭ ಅಂತ ಇಟ್ಟ ಶೇಕಡಾವಾರಿನ ಒಂದು ಪ್ರಶ್ನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು ಬಿದ್ದಿದ್ದರು, ಕಠಿಣ ಅಂದುಕೊಂಡ ಜ್ಯಾಮಿತಿಯ ಪ್ರಶ್ನೆಯನ್ನು ಚಿತ್ರ ನೋಡಿಯೇ ಎಲ್ಲರೂ ಸರಿ ಮಾಡಿದ್ದರು. ಕಷ್ಟವನ್ನು ಮಕ್ಕಳ ಉತ್ತರದಿಂದಲೇ ಅಳೆಯಬೇಕು, ನಮ್ಮ ಅಂದಾಜಿನಿಂದ ಅಲ್ಲ.

ಹಾಗಂತ ಒಂದೇ ಮಗುವಿಗೆ 120 ಪ್ರಶ್ನೆ ಹೊರಿಸಬೇಕಿಲ್ಲ. ನಾಲ್ಕು ಪತ್ರಿಕೆ ಮಾಡಿ. 12 ಪ್ರಶ್ನೆ ನಾಲ್ಕರಲ್ಲೂ ಇರಲಿ, ಉಳಿದ 108ನ್ನು 27ರಂತೆ ಹಂಚಿ. ಒಂದೊಂದು ಪತ್ರಿಕೆಯಲ್ಲಿ 39 ಪ್ರಶ್ನೆ ಆಯಿತು. ಅಕ್ಕಪಕ್ಕದ ಶಾಲೆಯವರನ್ನು ಸೇರಿಸಿಕೊಂಡು ಒಂದೊಂದು ಪತ್ರಿಕೆಯನ್ನು 150 ಮಕ್ಕಳಿಗಾದರೂ ಕೊಡಿ. ಆ 12 ಸಾಮಾನ್ಯ ಪ್ರಶ್ನೆ ಇವೆಯಲ್ಲ, ಅವೇ ನಾಲ್ಕು ಪತ್ರಿಕೆಯನ್ನು ಒಂದೇ ಅಳತೆಗೆ ಕಟ್ಟುವ ಹಗ್ಗ. ರಾಶ್ ಮಾದರಿಗೆ ಇಷ್ಟು ಮಕ್ಕಳು ಸಾಕು, ಒಂದು ಪ್ರಶ್ನೆಯ ಕಷ್ಟ ಸುಮಾರು 0.2 ಮೆಟ್ಟಿಲು ಆಚೀಚೆ ಸಿಗುತ್ತದೆ. ಚುರುಕು, ಊಹೆ ಎಲ್ಲ ಸೇರಿಸುವ ದೊಡ್ಡ ಮಾದರಿಗೆ ಹೋಗಬೇಡಿ, ಅದಕ್ಕೆ ಎಷ್ಟೋ ಪಟ್ಟು ಜಾಸ್ತಿ ಮಕ್ಕಳು ಬೇಕು. ಆರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಪ್ರಶ್ನೆ ಅಳೆಯಲು ಮರ್ಟ್, ಪರೀಕ್ಷೆ ಓಡಿಸಿ ನೋಡಲು ಕ್ಯಾಟ್‌ಆರ್ ಅನ್ನುವ ಪ್ಯಾಕೇಜುಗಳಿವೆ. ನಿಮ್ಮ ಹಳೇ ವಿದ್ಯಾರ್ಥಿಗೆ ಹೇಳಿ, ಖುಷಿಯಾಗಿ ಕಲಿಯುತ್ತಾನೆ.

ಈಗ ಅಂದಾಜು ಹೇಗೆ ಸರಿಯುತ್ತದೆ ಅಂತ ಕೈಯಲ್ಲೇ ಲೆಕ್ಕ ಹಾಕೋಣ. ನಿಮ್ಮ ಊರಿನ 100 ಮಕ್ಕಳನ್ನು ಐದು ಮೆಟ್ಟಿಲ ಮೇಲೆ ನಿಲ್ಲಿಸಿ. ತೀರಾ ಕೆಳಗೆ, ಅಂದರೆ -2ರಲ್ಲಿ 10 ಜನ. -1ರಲ್ಲಿ 20. ನಡುವೆ 0ಯಲ್ಲಿ 40. +1ರಲ್ಲಿ 20. +2ರಲ್ಲಿ 10. ಯಾವುದೋ ಒಂದು ಮಗು ಬಂದು ಕೂತಿತು, ಯಾವ ಮೆಟ್ಟಿಲಿನದು ಗೊತ್ತಿಲ್ಲ. ಕಷ್ಟ 0 ಇರುವ ಪ್ರಶ್ನೆ ಕೊಟ್ಟಿರಿ, ಸರಿಯಾಯಿತು. ಆ ನೂರು ಜನರೂ ಈ ಪ್ರಶ್ನೆ ಬಿಡಿಸಿದ್ದರೆ ಎಷ್ಟು ಜನರದು ಸರಿಯಾಗುತ್ತಿತ್ತು? ಮೇಲೆ ಭಾಲ್ಕಿಯವರಿಗೆ ಹೇಳಿದ 12, 27, 50, 73, 88ರ ಲೆಕ್ಕ ಹಾಕಿದರೆ ಕೆಳಗಿನಿಂದ ಸುಮಾರು 1, 5, 20, 15, 9. ಒಟ್ಟು 50. ನಿಮ್ಮ ಮಗು ಈ ಐವತ್ತರಲ್ಲಿ ಒಂದು. ಸರಾಸರಿ ತೆಗೆದರೆ ಅಂದಾಜು 0ಯಿಂದ ಸುಮಾರು +0.5ಕ್ಕೆ ಏರಿತು.

ಮುಂದೆ ಕಷ್ಟ +1ರ ಪ್ರಶ್ನೆ ಕೊಟ್ಟಿರಿ. ತಪ್ಪಾಯಿತು. ಆ ಐವತ್ತರಲ್ಲಿ ಇದನ್ನು ತಪ್ಪು ಮಾಡುವವರು ಸುಮಾರು 1, 5, 15, 7, 2. ಒಟ್ಟು 30. ಅಂದಾಜು +0.2ರ ಹತ್ತಿರ ಇಳಿಯಿತು. ಹಾಗಾಗಿ ಮುಂದಿನ ಪ್ರಶ್ನೆ ಆ ಮಟ್ಟದ್ದು. ನೂರು ಜನರ ಗುಂಪು ಎರಡೇ ಪ್ರಶ್ನೆಗೆ ಮೂವತ್ತಕ್ಕೆ ಬಂತು ನೋಡಿ. ನಿಮ್ಮ ಪ್ರೋಗ್ರಾಂ ಮಾಡುವ "ಸರಿಯಾದರೆ ಮೇಲೆ, ತಪ್ಪಾದರೆ ಕೆಳಗೆ"ಗೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಇದು ಕೊನೆಯ ಉತ್ತರವನ್ನು ಮಾತ್ರ ನೋಡುವುದಿಲ್ಲ, ಮೊದಲಿನಿಂದ ಬಂದ ಎಲ್ಲ ಉತ್ತರವನ್ನೂ ಕೂಡಿಸಿಕೊಂಡು ನೋಡುತ್ತದೆ. ಹತ್ತನೇ ಪ್ರಶ್ನೆಯಲ್ಲಿ ಮಗು ಅವಸರದಲ್ಲಿ ಒಂದು ತಪ್ಪು ಮಾಡಿದರೂ ಅಂದಾಜು ಸ್ವಲ್ಪ ಮಾತ್ರ ಅಲುಗುತ್ತದೆ.

ಎಷ್ಟು ಪ್ರಶ್ನೆ ಅಂದಿರಿ. ಪ್ರಶ್ನೆಗಳು ಮಗುವಿಗೆ ಸರಿಯಾಗಿ ಹೊಂದಿದರೆ ಎರರ್ ಅಂದರೆ 2ನ್ನು ಪ್ರಶ್ನೆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ದು. 16 ಪ್ರಶ್ನೆಗೆ 0.5. 25ಕ್ಕೆ 0.4. 45 ಕೇಳಿದರೆ 0.3. ತರಗತಿಯಲ್ಲಿ ಯಾರಿಗೆ ಯಾವ ಪಾಠ ಮತ್ತೆ ಹೇಳಬೇಕು ಅಂತ ನೋಡಲು 25 ಸಾಕು. ಪಾಸು ಫೇಲು ಮಾಡುವ ಯೋಚನೆ ಇದ್ದರೆ ದಯವಿಟ್ಟು ಇಷ್ಟರಲ್ಲಿ ಮಾಡಬೇಡಿ.

ಈ ಲೆಕ್ಕ ಹೊಂದುವ ಪ್ರಶ್ನೆ ಇದ್ದಾಗ ಮಾತ್ರ ನಡೆಯುತ್ತದೆ. ನಿಮ್ಮ 120ರಲ್ಲಿ ಬಹುಪಾಲು ನಡುಮಟ್ಟದವೇ ಆಗಿದ್ದರೆ, ನಾವೆಲ್ಲ ಪ್ರಶ್ನೆ ತೆಗೆಯುವುದೇ ಹಾಗೆ, +2ರಲ್ಲಿರುವ ಜಾಣ ಹುಡುಗಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಕಷ್ಟ 0 ಇರುವ ಪ್ರಶ್ನೆ ಅವಳಿಂದ ತರುವ ಮಾಹಿತಿ 0.1ರಷ್ಟು ಮಾತ್ರ. ಬೇರೆಯವರಿಗೆ 25 ಪ್ರಶ್ನೆಯಲ್ಲಿ ಸಿಕ್ಕ ನಿಖರತೆಗೆ ಅವಳಿಗೆ 60 ಕೇಳಬೇಕು. -2ರಲ್ಲಿರುವ ಹುಡುಗನದೂ ಅದೇ ಪಾಡು. ತೊಗರಿ ತೂಗುವ ಅಂಗಡಿಯಲ್ಲಿ ಬರೀ ಐದು ಕಿಲೋ ಕಲ್ಲೇ ನಲವತ್ತು ಇದ್ದ ಹಾಗಾಯಿತು. ಪ್ರಶ್ನೆ ಎಷ್ಟಿವೆ ಅನ್ನುವುದಕ್ಕಿಂತ ಎಲ್ಲೆಲ್ಲಿ ಇವೆ ಅಂತ ನೋಡಿ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಹಿಂದೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಇಂಥ ಪರೀಕ್ಷೆ ಮಾಡಿಸಿದ್ದೆ. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಒಂದು ತಂಡ. ಎಲ್ಲರಿಗೂ ಆರಂಭದ ಅಂದಾಜು 0, ಅತಿ ಹೆಚ್ಚು ಮಾಹಿತಿ ಕೊಡುವ ಪ್ರಶ್ನೆಯನ್ನೇ ಆರಿಸು ಅಂತ ಕಂಪ್ಯೂಟರಿಗೆ ಹೇಳಿದ್ದೆ. ಪುಸ್ತಕದ ಪ್ರಕಾರ ಸರಿಯೇ. ಊಟಕ್ಕೆ ಬಿಟ್ಟಾಗ ಎದುರಿನ ಚಹಾದಂಗಡಿಯಲ್ಲಿ ನಿಂತಿದ್ದೆ. ಮಿರ್ಚಿ ಭಜಿ ತಿನ್ನುತ್ತಾ ಒಬ್ಬ ಹುಡುಗ ಮಧ್ಯಾಹ್ನದ ತಂಡದವನಿಗೆ ಹೇಳುತ್ತಿದ್ದ: "ಮೊದ್ಲು ಎರಡು ನಲ್ಲಿ, ಒಂದು ಟಾಕಿ ಲೆಕ್ಕ ಬರ್ತದ. ಉತ್ತರ ಆರು ತಾಸು. ಅದು ಸರಿ ಮಾಡಿದ್ರ ಆಮ್ಯಾಲ ರೈಲಿಂದು ಬರ್ತದ." ನನ್ನ ಕೈಯಲ್ಲಿನ ಚಹಾ ಆರಿಹೋಯಿತು. ಎಲ್ಲರೂ 0ಯಿಂದಲೇ ಶುರು, ಅಲ್ಲಿಗೆ ಅತ್ಯುತ್ತಮ ಪ್ರಶ್ನೆ ಒಂದೇ, ಹಾಗಾಗಿ ಎಲ್ಲರಿಗೂ ಅದೇ ನಲ್ಲಿ! ಸರಿ ಮಾಡಿದವರಿಗೆಲ್ಲ ಅದೇ ರೈಲು. ಪ್ರಶ್ನೆ ಬ್ಯಾಂಕಿನಲ್ಲಿ ನೂರಾರು ಪ್ರಶ್ನೆ ಇದ್ದರೂ ಎಲ್ಲರೂ ಅವೇ ಹತ್ತಿಪ್ಪತ್ತರಲ್ಲಿ ಓಡಾಡುತ್ತಿದ್ದರು.

ನನಗೊಬ್ಬನಿಗೇ ಆದದ್ದಲ್ಲ ಬಿಡಿ. 1994ರಲ್ಲಿ ಅಮೆರಿಕದ ಒಂದು ಕೋಚಿಂಗ್ ಸಂಸ್ಥೆ ತನ್ನ ಜನರನ್ನೇ ಜಿಆರ್‌ಇಗೆ ಕೂರಿಸಿ ಪ್ರಶ್ನೆ ನೆನಪಿಟ್ಟುಕೊಂಡು ಬರಲು ಹೇಳಿತ್ತು. ಬಹಳಷ್ಟು ಪ್ರಶ್ನೆ ಹೊರಗೆ ಬಂದವು, ಕಂಪ್ಯೂಟರ್ ಪರೀಕ್ಷೆಯನ್ನು ಕೆಲ ದಿನ ನಿಲ್ಲಿಸಬೇಕಾಯಿತು. ಅತ್ಯುತ್ತಮ ಪ್ರಶ್ನೆಯನ್ನೇ ಪ್ರತಿ ಸಲ ಕೊಡುತ್ತಾ ಹೋದರೆ ಆ ಪ್ರಶ್ನೆಯೇ ಮೊದಲು ಕೆಡುತ್ತದೆ.

ಇದಕ್ಕೆ ಮದ್ದು ಸುಲಭದ್ದು ಒಂದಿದೆ. ಮೊದಲ ಪ್ರಶ್ನೆಗೆ ಅತ್ಯುತ್ತಮ ಐದರಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಆರಿಸಿ. ಎರಡನೆಯದಕ್ಕೆ ನಾಲ್ಕರಲ್ಲಿ, ಮೂರನೆಯದಕ್ಕೆ ಮೂರರಲ್ಲಿ, ನಾಲ್ಕನೆಯದಕ್ಕೆ ಎರಡರಲ್ಲಿ. ಐದನೆಯದರಿಂದ ನೇರ ಅತ್ಯುತ್ತಮ. ಅಷ್ಟೊತ್ತಿಗೆ ಮಕ್ಕಳ ದಾರಿಗಳು ಬೇರೆ ಬೇರೆಯಾಗಿರುತ್ತವೆ. ದೊಡ್ಡ ಪರೀಕ್ಷೆಗಳಿಗೆ 1985ರಲ್ಲಿ ಸಿಂಪ್ಸನ್, ಹೆಟ್ಟರ್ ಅನ್ನುವವರು ಇನ್ನೊಂದು ದಾರಿ ತೋರಿಸಿದರು. ಪ್ರತಿ ಪ್ರಶ್ನೆಗೂ ಒಂದು ಮಿತಿ, ಉದಾಹರಣೆಗೆ ನೂರರಲ್ಲಿ 20 ಜನರಿಗಿಂತ ಹೆಚ್ಚು ಕಾಣಿಸಬಾರದು ಅಂತ. ಕಂಪ್ಯೂಟರ್ ಪ್ರಶ್ನೆ ಆರಿಸಿದ ಮೇಲೂ ಅದಕ್ಕೆ ಹೊರಗೆ ಬರಲು ಒಂದು ಸಣ್ಣ ಲಾಟರಿ ಗೆಲ್ಲಬೇಕು. ಯಾವ ಪ್ರಶ್ನೆಗೆ ಎಷ್ಟು ಅವಕಾಶ ಅಂತ ಮೊದಲೇ ಸಾವಿರಾರು ಸುಳ್ಳು ವಿದ್ಯಾರ್ಥಿಗಳನ್ನು ಕಂಪ್ಯೂಟರಿನಲ್ಲಿ ಕೂರಿಸಿ ಲೆಕ್ಕ ಹಾಕಿರುತ್ತಾರೆ.

ಚುರುಕು ಪ್ರಶ್ನೆಗಳ ಆಸೆಯೂ ಇದೇ ಥರ. ಸರಾಫ್ ಬಜಾರಿನ ಬಂಗಾರದ ತಕ್ಕಡಿ ಚೂರು ವ್ಯತ್ಯಾಸಕ್ಕೂ ವಾಲುತ್ತದೆ, ಉಳ್ಳಾಗಡ್ಡಿ ತೂಗುವ ತಕ್ಕಡಿ ವಾಲುವುದಿಲ್ಲ. ಚುರುಕು ಎರಡು ಪಟ್ಟಾದರೆ ಗರಿಷ್ಠ ಮಾಹಿತಿ ನಾಲ್ಕು ಪಟ್ಟು. 45 ಪ್ರಶ್ನೆಯ ಕೆಲಸ 12ರಲ್ಲಿ ಆಗುತ್ತದೆ. ಅದಕ್ಕೇ ಎಲ್ಲರೂ ಅವನ್ನೇ ಮೊದಲು ಖರ್ಚು ಮಾಡುತ್ತಾರೆ. ಆದರೆ ಶುರುವಿನಲ್ಲಿ ಅಂದಾಜೇ ಹಸಿ ಇರುತ್ತದೆ, ಬಂಗಾರದ ತಕ್ಕಡಿಯಲ್ಲಿ ಉಳ್ಳಾಗಡ್ಡಿ ಚೀಲ ಇಟ್ಟ ಹಾಗೆ. 1999ರಲ್ಲಿ ಚಾಂಗ್ ಮತ್ತು ಯಿಂಗ್ ಇದನ್ನು ತಿರುವಿದರು: ಮೊಂಡು ಪ್ರಶ್ನೆ ಮೊದಲು, ಚುರುಕಿನದು ಕೊನೆಗೆ. ನನಗೆ ಈ ವಿಚಾರ ಬಹಳ ಹಿಡಿಸಿದೆ. ನೀವು ರಾಶ್ ಮಾದರಿ ಬಳಸಿದರೆ ಈ ತಲೆನೋವು ಇಲ್ಲ, ಅದರಲ್ಲಿ ಎಲ್ಲ ಪ್ರಶ್ನೆಯ ಚುರುಕೂ ಒಂದೇ ಅಂತ ಒಪ್ಪಿಕೊಂಡಿರುತ್ತೇವೆ.

ಪಾಠಗಳ ಹಂಚಿಕೆಯನ್ನೂ ಪ್ರೋಗ್ರಾಮಿಗೆ ಹೇಳಿಕೊಡಿ, ಇಲ್ಲದಿದ್ದರೆ ಒಂದು ಮಗುವಿಗೆ ಬರೀ ಬೀಜಗಣಿತ, ಇನ್ನೊಂದಕ್ಕೆ ಬರೀ ತ್ರಿಕೋನಮಿತಿ ಬಂದೀತು.

ಭಾಷೆಯ ವಿಷಯ ಬಿಡಬಾರದು. ಇಂಗ್ಲಿಷ್ ಪ್ರಶ್ನೆ ಬ್ಯಾಂಕ್ ಎಲ್ಲಿಂದಲಾದರೂ ತಂದು ಕನ್ನಡಕ್ಕೆ ಮಾಡಿಕೊಂಡರೆ ಅದರ ಹಳೇ ತೂಕ ಕೆಲಸಕ್ಕೆ ಬರುವುದಿಲ್ಲ. ಕನ್ನಡದಲ್ಲೂ ಅಷ್ಟೇ. ಅಡಿಕೆ ಗೊನೆ, ಸುಲಿಯುವ ಕೂಲಿ ಅಂತ ಮಲೆನಾಡಿನಲ್ಲಿ ತೂಕ ಕಟ್ಟಿದ ಲೆಕ್ಕವನ್ನು ನಮ್ಮ ಹುಡುಗ ಓದಿದರೆ ಮೊದಲು ಗೊನೆ ಅಂದರೆ ಏನು ಅಂತ ಯೋಚಿಸುತ್ತಾ ಕೂರುತ್ತಾನೆ. ತೊಗರಿ, ಕ್ವಿಂಟಲ್, ಪಾಕೀಟು ಅಂದಿದ್ದರೆ ತಟ್ಟನೆ ಬಿಡಿಸುತ್ತಿದ್ದ. ಗಣಿತದಲ್ಲಿ ಇಬ್ಬರೂ ಸಮ ಇದ್ದರೂ ಆ ಪ್ರಶ್ನೆ ಒಬ್ಬನ ಕಡೆ ವಾಲಿದೆ. ಅಂಥದ್ದನ್ನು ಹುಡುಕಲು ಒಂದೇ ಸಾಮರ್ಥ್ಯದ ಎರಡು ಗುಂಪನ್ನು ಪ್ರಶ್ನೆ ಪ್ರಶ್ನೆಗೂ ಹೋಲಿಸಿ ನೋಡಬೇಕು. ಹುಡುಗರು, ಹುಡುಗಿಯರು ಅಂತ ಒಮ್ಮೆ. ಊರು, ತಾಂಡಾ ಅಂತ ಒಮ್ಮೆ. ವಾಲಿದ ಪ್ರಶ್ನೆಯನ್ನು ಮುಲಾಜಿಲ್ಲದೆ ಕಿತ್ತುಹಾಕಿ.

ಕರೆಂಟ್ ಕೈಕೊಡುತ್ತದೆ, 20 ಕಂಪ್ಯೂಟರಿನಲ್ಲಿ ಎಂಟು ಮಾತ್ರ ಓಡುತ್ತವೆ ಅನ್ನುವ ಹಾಗಿದ್ದರೆ (ನಮ್ಮ ಶಾಲೆಗಳ ಪರಿಚಯ ನನಗೂ ಇದೆ) ಕಾಗದದಲ್ಲೇ ಮಾಡಿ. ಎಲ್ಲರಿಗೂ ಮೊದಲು 10 ಪ್ರಶ್ನೆ. ಅಲ್ಲೇ ತಿದ್ದಿ. 3 ಅಥವಾ ಕಡಿಮೆ ಬಂದರೆ ಹಸಿರು ಪತ್ರಿಕೆ, 4ರಿಂದ 7 ಬಂದರೆ ಹಳದಿ, ಮೇಲಿನವರಿಗೆ ಕೆಂಪು, ಒಂದೊಂದರಲ್ಲಿ 15 ಪ್ರಶ್ನೆ. ಬಣ್ಣದಿಂದ ಮಕ್ಕಳು ಒಬ್ಬರನ್ನೊಬ್ಬರು ಅಣಕಿಸುತ್ತಾರೆ ಅನಿಸಿದರೆ ಮೂರೂ ಬಿಳಿಯೇ ಇರಲಿ, ಮೂಲೆಯಲ್ಲಿ ಒಂದು ಸಣ್ಣ ಗುರುತು ಸಾಕು. ಜಿಆರ್‌ಇ ಈಗ ಮಾಡುತ್ತಿರುವುದೂ ಹೆಚ್ಚುಕಡಿಮೆ ಇದೇ.

ಪ್ರಶ್ನೆ: ಕಾಕಾ, ನಾನು ಶಹಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಸ್ಟ್ಯಾಟಿಸ್ಟಿಕ್ಸ್ ಇದೆ. ಇದನ್ನೆಲ್ಲ ಕಂಡುಹಿಡಿದವರು ಬರೀ ಅಮೆರಿಕದವರೇನಾ? ನಮ್ಮವರು ಯಾರೂ ಇಲ್ವಾ?
— ಬಿ.ಎಸ್ಸಿ. ವಿದ್ಯಾರ್ಥಿ, ಶಹಾಪುರ

ಉತ್ತರ: ಇದ್ದಾರಪ್ಪ, ಅದೂ ಬಹಳ ಹತ್ತಿರದವರು. ಮೇಲೆ ನಾನು ಪದೇ ಪದೇ "ಮಾಹಿತಿಯ ವರ್ಗಮೂಲದಿಂದ 1ನ್ನು ಭಾಗಿಸಿ" ಅಂದೆ ನೋಡು. ಪಕ್ಷಪಾತವಿಲ್ಲದ ಯಾವ ಅಂದಾಜೂ ಇದಕ್ಕಿಂತ ಕಡಿಮೆ ಎರರ್ ಕೊಡಲಾರದು ಅಂತ 1945ರಲ್ಲಿ ತೋರಿಸಿದವರು ಸಿ.ಆರ್. ರಾವ್. ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆ, ಈಗ ವಿಜಯನಗರ. ಹ್ಯಾರಾಲ್ಡ್ ಕ್ರಾಮರ್ ಅನ್ನುವ ಸ್ವೀಡನ್ನಿನವರೂ ಬೇರೆಯಾಗಿ ಇದನ್ನೇ ಕಂಡುಕೊಂಡದ್ದರಿಂದ ಕ್ರಾಮರ್-ರಾವ್ ಮಿತಿ ಅನ್ನುತ್ತಾರೆ, ನಿನ್ನ ಸಿಲಬಸ್ಸಿನಲ್ಲಿ ಬಂದೇ ಬರುತ್ತದೆ. ಅಡಾಪ್ಟಿವ್ ಟೆಸ್ಟ್ ಯಾವಾಗ ನಿಲ್ಲಬೇಕು ಅಂತ ತೀರ್ಮಾನಿಸುವುದು ಈ ಮಿತಿಯನ್ನು ನೆಚ್ಚಿಕೊಂಡೇ. ರಾವ್ ಅವರು 2023ರಲ್ಲಿ ತೀರಿಕೊಂಡರು, 102 ವರ್ಷ. ಅದೇ ವರ್ಷ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತ್ತು.

ಇನ್ನೊಬ್ಬರು ನಮ್ಮವರಲ್ಲ, ಆದರೆ ಅವರ ಕಥೆ ನಮ್ಮ ನೆಲದಲ್ಲಿ ಮುಗಿಯಿತು. ಖಾತ್ರಿಯಾಗುವ ತನಕ ಒಂದೊಂದೇ ನೋಡುತ್ತಾ ಹೋಗು, ಖಾತ್ರಿಯಾದ ಕೂಡಲೇ ನಿಲ್ಲಿಸು ಅನ್ನುವ ಪದ್ಧತಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಗಣಿತವಾಗಿ ಕಟ್ಟಿದವರು ಏಬ್ರಹಾಂ ವಾಲ್ಡ್. ಪಾಸು ಫೇಲು ಮಾತ್ರ ಹೇಳುವ ಪರೀಕ್ಷೆಗಳಲ್ಲಿ ಅದನ್ನು ಈಗಲೂ ಬಳಸುತ್ತಾರೆ. ಭಾರತಕ್ಕೆ ಉಪನ್ಯಾಸ ಕೊಡಲು ಬಂದಿದ್ದ ವಾಲ್ಡ್ 1950ರ ಡಿಸೆಂಬರಿನಲ್ಲಿ ನೀಲಗಿರಿ ಬೆಟ್ಟದಲ್ಲಿ ವಿಮಾನ ಬಿದ್ದು ಹೆಂಡತಿಯ ಜೊತೆ ತೀರಿಕೊಂಡರು.

ಇನ್ನು ಪದ್ಧತಿಯ ಬೇರು ಹುಡುಕಿದರೆ ಕಂಪ್ಯೂಟರೇ ಇಲ್ಲದ ಕಾಲಕ್ಕೆ ಹೋಗಬೇಕು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೇ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆ ಮಾಡಿದ್ದು ಎದುರಿಗೆ ಕೂತು, ಬಾಯಿ ಮಾತಿನಲ್ಲಿ. ಮುಂದೆ ಆ ಪರೀಕ್ಷೆ ವಯಸ್ಸಿಗೆ ತಕ್ಕ ಪ್ರಶ್ನೆಯಿಂದ ಶುರುಮಾಡಿ, ಆದರೆ ಮೇಲೆ, ಆಗದಿದ್ದರೆ ಕೆಳಗೆ ಹೋಗುವ ಹಾಗೆ ಬೆಳೆಯಿತು.

ಉಳಿದವು ಚುಟುಕಾಗಿ.

ಪ್ರಶ್ನೆ: ಐಐಎಂಗೆ ಬರೆಯುವ ಕ್ಯಾಟ್ ಕೂಡ ಇದೇನಾ? (ಬೀದರ್)

ಉತ್ತರ: ಅಲ್ಲ. ಹೆಸರು ಮಾತ್ರ ಒಂದೇ. ಐಐಎಂ ಕ್ಯಾಟ್ 2009ರಿಂದ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಆದರೆ ನಿಮ್ಮ ಉತ್ತರ ನೋಡಿ ಪ್ರಶ್ನೆ ಬದಲಾಗುವುದಿಲ್ಲ. ಬೇರೆ ಬೇರೆ ಹೊತ್ತಿನವರ ಅಂಕವನ್ನು ಆಮೇಲೆ ಸರಿದೂಗಿಸುತ್ತಾರೆ, ಅಷ್ಟೇ.

ಪ್ರಶ್ನೆ: ಮೊದಲ ಐದು ಪ್ರಶ್ನೆ ತಪ್ಪಾದರೆ ಎಲ್ಲ ಮುಗಿಯಿತು ಅಂತ ಕೋಚಿಂಗಿನಲ್ಲಿ ಹೇಳುತ್ತಾರೆ, ನಿಜವಾ? (ಕಲಬುರಗಿ)

ಉತ್ತರ: ಪೂರ್ತಿ ನಿಜವಲ್ಲ. ಶುರುವಿನಲ್ಲಿ ಅಂದಾಜು ಜೋರಾಗಿ ಅಲುಗುತ್ತದೆ, ಆದರೆ ಉಳಿದ ಪ್ರಶ್ನೆಗಳು ಅದನ್ನು ಎಳೆದು ತರುತ್ತವೆ. ಪರೀಕ್ಷೆ ತೀರಾ ಚಿಕ್ಕದಿದ್ದರೆ ಮಾತ್ರ ಪೂರ್ತಿ ಚೇತರಿಸಿಕೊಳ್ಳಲು ಪ್ರಶ್ನೆ ಸಾಲದೇ ಹೋಗಬಹುದು. ಮೊದಲ ಐದಕ್ಕೆ ಅರ್ಧ ಗಂಟೆ ಸುರಿದು ಕೊನೆಯ ಐದನ್ನು ಬಿಡುವವರನ್ನು ನೋಡಿದ್ದೇನೆ, ಅದು ಇದಕ್ಕಿಂತ ದೊಡ್ಡ ನಷ್ಟ.

ಪ್ರಶ್ನೆ: ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಯಾಕೆ ಬಿಡುವುದಿಲ್ಲ? (ಹುಮನಾಬಾದ್)

ಉತ್ತರ: ಒಬ್ಬ ಕಿಲಾಡಿ ಬೇಕಂತಲೇ ಎಲ್ಲ ತಪ್ಪು ಮಾಡುತ್ತಾ ಹೋದ ಅಂದುಕೊಳ್ಳಿ. ಕಂಪ್ಯೂಟರ್ ಪಾಪ ಸುಲಭ, ಇನ್ನೂ ಸುಲಭ ಅಂತ ಕೊಡುತ್ತಾ ಹೋಗುತ್ತದೆ. ಕೊನೆಗೆ ಅವನು ಹಿಂದಕ್ಕೆ ಹೋಗಿ ಎಲ್ಲವನ್ನೂ ಸರಿ ಮಾಡಿಬಿಟ್ಟರೆ? ಅವನ ಹತ್ತಿರ ಇರುವುದೆಲ್ಲ ಸಣ್ಣ ಕಲ್ಲುಗಳು, ಎಲ್ಲದಕ್ಕಿಂತ ಅವನೇ ಭಾರ, ಎಷ್ಟು ಭಾರ ಅಂತ ಮಾತ್ರ ಗೊತ್ತಾಗುವುದಿಲ್ಲ. ಆ ಭಯಕ್ಕೆ ಬಾಗಿಲು ಹಾಕಿದ್ದು. ಈಗೀಗ ಸಡಿಲ ಮಾಡುತ್ತಿದ್ದಾರೆ. ಜಿಆರ್‌ಇಯಲ್ಲಿ ಒಂದು ಸೆಕ್ಷನ್ನಿನ ಒಳಗೆ ಹಿಂದೆ ಮುಂದೆ ಓಡಾಡಬಹುದು. ಎಂಬಿಎ ಸೇರಲು ಬರೆಯುವ ಈಗಿನ ಜಿಮ್ಯಾಟ್‌ನಲ್ಲಿ ಒಂದು ಸೆಕ್ಷನ್ನಿಗೆ ಮೂರು ಉತ್ತರದ ತನಕ ತಿದ್ದಬಹುದು. ಮೂರರಲ್ಲಿ ಯಾರೂ ಅಂಥ ಆಟ ಆಡಲಾರರು.